ತಾತನ ಮನೆಯನ್ನು ಒಂಬತ್ತು ರೂಮಿನ ಹೋಟೆಲ್ ಮಾಡುವ ಆಸೆ: ನಾಟಕದವರು, ಚಿತ್ರ ಬರೆಯುವವರು ತಾವಾಗಿ ಬಂದು ಕೂರುವಂಥದ್ದು ಹೇಗೆ ಆಗುತ್ತದೆ?

ಬೆಳಕಿನಾಕೆ
ಎಲ್ಲರಿಗೂ ನಮಸ್ಕಾರ. ನಾನು ನಾಟಕಗಳಿಗೆ ಲೈಟಿಂಗ್ ಮಾಡುವವಳು, ಇರುವುದು ಬೆಂಗಳೂರಿನಲ್ಲಿ. ಮೈಸೂರಿನ ಲಕ್ಷ್ಮೀಪುರಂನಲ್ಲಿ ತಾತ ಕಟ್ಟಿಸಿದ ಮನೆ ಇದೆ. ದೊಡ್ಡ ನಡುಮನೆ, ಕೆಂಪು ಆಕ್ಸೈಡ್ ನೆಲ, ಮದ್ರಾಸ್ ತಾರಸಿ, ಹಿತ್ತಿಲಲ್ಲಿ ಎರಡು ಮಾವಿನ ಮರ. ಅಜ್ಜಿ ಹೋದ ಮೇಲೆ ಮೂರು ವರ್ಷದಿಂದ ಬೀಗ ಹಾಕಿದೆ. ದೊಡ್ಡಪ್ಪನ ಮಕ್ಕಳು ಬಿಲ್ಡರ್‌ಗೆ ಕೊಟ್ಟುಬಿಡೋಣ ಅಂತಾರೆ. ಬೇರೆ ದಾರಿ ಇದ್ದರೆ ಯುಗಾದಿಯೊಳಗೆ ಹೇಳು ಅಂತ ನನಗೆ ಗಡುವು ಕೊಟ್ಟಿದ್ದಾರೆ.

ನನ್ನ ಮನಸ್ಸಿನಲ್ಲಿರುವುದು ಒಂದು ಬೂಟಿಕ್ ಹೋಟೆಲ್, ಅಂದರೆ ತನ್ನದೇ ರೂಪವಿರುವ ಚಿಕ್ಕ ಹೋಟೆಲ್. ಹೆಸರು ದೊಡ್ಡದಾಯಿತು, ಬೇರೆ ಪದ ಸಿಗಲಿಲ್ಲ. ಬಾಗಿಲಲ್ಲಿ ಹಿತ್ತಾಳೆ ಉರುಳಿ ಇಟ್ಟು ಹೂವಿನ ದಳ ತೇಲಿಸುವ ಜಾಗ ನನಗೆ ಬೇಡ. ರಂಗಾಯಣಕ್ಕೆ ಬಂದ ನಟರು, ಕಾವಾ ಚಿತ್ರಕಲಾ ಕಾಲೇಜಿನಲ್ಲಿ ಓದುವ ಹುಡುಗರು, ಸಂಗೀತದವರು, ಸಿನಿಮಾ ಬರೆಯುವವರು ಬಂದು ಕೂತು ಕೆಲಸ ಮಾಡಬೇಕು, ರಾತ್ರಿ ಅಲ್ಲೇ ಮಲಗಬೇಕು. ಅಮೆರಿಕದ ಏಸ್ ಹೋಟೆಲ್ ಬಗ್ಗೆ ತುಂಬಾ ಓದಿದ್ದೇನೆ. ಅಂಥ ಜಾಗಗಳಿಗೆ ಆ ಜನ ಯಾಕೆ ಬರುತ್ತಾರೆ? ಕುರ್ಚಿ ಮೇಜು ಚೆನ್ನಾಗಿರುವುದಕ್ಕಾ? ಮೂರು ಸಾವಿರ ರೂಪಾಯಿ ಬಾಡಿಗೆಯಲ್ಲಿ ಇದು ಸಾಧ್ಯವಾ? ನೋಡಿದವರು, ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಕ್ವೀನ್ಸ್ ಕನ್ನಡಿಗ
ಮೇಡಂ, ನಾನು ಗ್ರಾಫಿಕ್ ಡಿಸೈನರ್, ನ್ಯೂಯಾರ್ಕ್‌ಗೆ ಬಂದು ಹನ್ನೆರಡು ವರ್ಷ ಆಯಿತು. 29ನೇ ಬೀದಿಯ ಏಸ್ ಹೋಟೆಲ್‌ನಲ್ಲಿ ನಾನು ಒಂದು ರಾತ್ರಿಯೂ ಮಲಗಿಲ್ಲ. ಆದರೆ ಬಂದ ಮೊದಲ ಎರಡು ವರ್ಷ ಅದರ ಲಾಬಿಯೇ ನನ್ನ ಆಫೀಸಾಗಿತ್ತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಲಾಬಿಯ ನಡುವೆ ಒಂದು ಉದ್ದದ ಮೇಜು. ಎರಡೂ ಕಡೆ ಜನ, ಎಲ್ಲರ ಮುಂದೆ ಲ್ಯಾಪ್‌ಟಾಪ್. ಸುತ್ತ ಹಳೇ ಸೋಫಾಗಳು, ಬೆಳಕು ಎಷ್ಟು ಮಂದ ಅಂದರೆ ಮಧ್ಯಾಹ್ನ ಎರಡಕ್ಕೂ ಸಂಜೆ ಆದ ಹಾಗಿರುತ್ತಿತ್ತು. ಪಕ್ಕದಲ್ಲೇ ಸ್ಟಂಪ್‌ಟೌನ್ ಕಾಫಿ ಅಂಗಡಿ. ಒಂದು ಕಾಫಿ ತಗೊಂಡು ಬಂದು ಐದು ಗಂಟೆ ಕೂತಿದ್ದೇನೆ, ಒಬ್ಬರೂ ಎದ್ದೇಳಿ ಅಂದಿಲ್ಲ. ಒಂದು ದಿನ ಎದುರು ಕೂತಿದ್ದಾಕೆ ನನ್ನ ಸ್ಕ್ರೀನ್ ಬಗ್ಗಿ ನೋಡಿ, ಇದು ಯಾವ ಲಿಪಿ ಅಂತ ಕೇಳಿದಳು. ನಾನು ಕನ್ನಡದ ಅಕ್ಷರ ವಿನ್ಯಾಸ ಮಾಡುತ್ತಿದ್ದೆ. 'ಕ್ಷ' ಬರೆದು ತೋರಿಸಿದೆ. ಆಕೆ ಒಂದು ಪತ್ರಿಕೆಯಲ್ಲಿ ಕಲಾ ವಿಭಾಗ ನೋಡಿಕೊಳ್ಳುತ್ತಿದ್ದಳು. ಈ ಊರಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಹಾಗೆ. ಆ ಮೇಜನ್ನು ನಾನು ಯಾವತ್ತೂ ಮರೆಯುವುದಿಲ್ಲ.

ಏಸ್ ಶುರುವಾಗಿದ್ದು 1999ರಲ್ಲಿ, ಸಿಯಾಟಲ್‌ನ ಬೆಲ್‌ಟೌನ್‌ನಲ್ಲಿ. ಅಲೆಕ್ಸ್ ಕಾಲ್ಡರ್‌ವುಡ್ ಮತ್ತು ಇಬ್ಬರು ಗೆಳೆಯರು ಸೇರಿ ಮಾಡಿದ್ದು. ಮೊದಲು ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾಸಂಸ್ಥೆಯವರು ನಡೆಸುತ್ತಿದ್ದ ಆಶ್ರಯತಾಣ ಅದು. 28 ರೂಮು, ಸುಮಾರು ಅರ್ಧಕ್ಕೆ ಒಳಗೆ ಬಚ್ಚಲಿಲ್ಲ, ಹಜಾರದ ಕೊನೆಗೆ ಹೋಗಬೇಕು. ಹಾಸಿಗೆ ಮೇಲೆ ಸೈನ್ಯದ ಹಳೇ ಕಂಬಳಿ. ಗೋಡೆಗೆ ಊರೂರು ಸುತ್ತಿ ಬೀದಿಗೋಡೆಗಳ ಮೇಲೆ ಬರೆಯುತ್ತಿದ್ದ ಕಲಾವಿದರಿಂದಲೇ ಚಿತ್ರ ಬರೆಸಿದರು, ಶೆಪರ್ಡ್ ಫೇರಿ ಅವರಲ್ಲೊಬ್ಬ. ಕೈಯಲ್ಲಿ ದುಡ್ಡು ಕಡಿಮೆ, ಗೆಳೆಯರು ಜಾಸ್ತಿ. ಆ ಗೆಳೆಯರು ಬಂದರೆ ಎಲ್ಲಿ ಉಳಿಯುತ್ತಾರೆ ಅನ್ನುವುದೇ ಮೊದಲ ಲೆಕ್ಕ. 2007ರಲ್ಲಿ ಪೋರ್ಟ್‌ಲ್ಯಾಂಡ್, 2009ರಲ್ಲಿ ನ್ಯೂಯಾರ್ಕ್. ನ್ಯೂಯಾರ್ಕಿನದನ್ನು ವಿನ್ಯಾಸ ಮಾಡಿದ ರೋಮನ್ ಅಂಡ್ ವಿಲಿಯಮ್ಸ್ ಅನ್ನುವ ಜೋಡಿ ಅದಕ್ಕೆ ಮೊದಲು ಸಿನಿಮಾ ಸೆಟ್ ಹಾಕುತ್ತಿದ್ದವರು. ನೀವು ರಂಗಭೂಮಿಯವರು, ಬೆಳಕು ಎಲ್ಲಿ ಬೀಳಬೇಕು ಅಂತ ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಫ್ರಂಟ್ ಆಫೀಸ್ ರಾಯರು
ತಾಯಿ, ಹದಿನೇಳು ವರ್ಷ ರಿಸೆಪ್ಷನ್‌ನಲ್ಲಿ ನಿಂತವನು ನಾನು. ಈ ಕನಸು ಒಳ್ಳೆಯದು, ಹಾಗಾಗಿ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ.

ಒಂಬತ್ತು ರೂಮು ಅಂದರೆ ತಿಂಗಳಿಗೆ 270 ರಾತ್ರಿ. ನೂರಕ್ಕೆ 60 ತುಂಬಿದರೆ 162. ಮೂರು ಸಾವಿರದ ಲೆಕ್ಕದಲ್ಲಿ 4,86,000. ಬುಕಿಂಗ್ ಆ್ಯಪ್‌ನ ಕಮಿಷನ್, ಕರೆಂಟು, ನೀರು, ಧೋಬಿ, ಕಡಿಮೆ ಅಂದರೂ ಏಳು ಜನರ ಸಂಬಳ ಇದರಲ್ಲೇ ಹೋಗಬೇಕು. ಹಾಸಿಗೆ ಒಂದಕ್ಕೆ ಮೂರು ಜೊತೆ ಬಟ್ಟೆ ಇಡಬೇಕು: ಒಂದು ಹಾಸಿದ್ದು, ಒಂದು ಒಗೆಯಲು ಹೋದದ್ದು, ಒಂದು ಬೀರುವಿನಲ್ಲಿ. ಮಳೆಗಾಲದಲ್ಲಿ ಮೂರೂ ಸಾಲುವುದಿಲ್ಲ. 7,500 ರೂಪಾಯಿವರೆಗಿನ ರೂಮಿಗೆ ಈಗ 5% ಜಿಎಸ್‌ಟಿ, ಅದರ ಮೇಲೆ ಹೋದರೆ 18%. ಕೆಳಗಿನ ಸ್ಲ್ಯಾಬ್‌ನಲ್ಲೇ ಇರಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕೊಡಬೇಕು, ಅದನ್ನು ಎಂದೂ ಮರೆಯಬೇಡಿ. ಮೈಸೂರಿಗೆ ಯೋಗ ಕಲಿಯಲು ಬರುವವರೇ ಎಷ್ಟೋ ಜನ. ಲಾಬಿಯಲ್ಲಿ ರೆಕಾರ್ಡ್ ಹಾಡು ಹಾಕಿದರೂ ಲೈಸೆನ್ಸ್ ಬೇಕಾಗುತ್ತದೆ.

ಇನ್ನು ಬೂಟಿಕ್ ಅನ್ನುವ ಮಾತು ಎಲ್ಲಿಂದ ಬಂತು ಅಂತ. ನ್ಯೂಯಾರ್ಕ್‌ನ ಮ್ಯಾಡಿಸನ್ ಅವೆನ್ಯೂನಲ್ಲಿ 1984ರಲ್ಲಿ ಮಾರ್ಗನ್ಸ್ ಅಂತ ಹೋಟೆಲ್ ಶುರುವಾಯಿತು. ಇಯಾನ್ ಶ್ರೇಗರ್, ಸ್ಟೀವ್ ರುಬೆಲ್ ಮಾಡಿದ್ದು. ಆಂದ್ರೆ ಪ್ಯುಟ್‌ಮನ್ ಎಂಬ ಫ್ರೆಂಚ್ ವಿನ್ಯಾಸಗಾರ್ತಿ ಅದರ ಬಚ್ಚಲುಮನೆಗೆ ಕಪ್ಪುಬಿಳಿ ಚೌಕುಳಿ ಟೈಲ್ಸ್ ಹಾಕಿಸಿದರು. ಹೋಟೆಲ್ ಸ್ಕೂಲಿನಲ್ಲಿ ನಮಗೆ ಅದರ ಫೋಟೊ ತೋರಿಸಿ ಪಾಠ ಮಾಡಿದ್ದರು. ನಮ್ಮ ಬೆಂಗಳೂರಿಗೆ ಆ ಗಾಳಿ ಬಂದದ್ದು 2000ದಲ್ಲಿ, ಎಂ.ಜಿ. ರಸ್ತೆಯ ದಿ ಪಾರ್ಕ್ ಜೊತೆ. ಲಂಡನ್ನಿನ ಕಾನ್ರನ್ ಸಂಸ್ಥೆ ವಿನ್ಯಾಸ ಮಾಡಿದ್ದು, ರೂಮು ನೂರರ ಆಸುಪಾಸು. ಅಲ್ಲಿಯವರೆಗೆ ದೊಡ್ಡ ಹೋಟೆಲ್ ಅಂದರೆ ತೂಗುದೀಪ, ಅಮೃತಶಿಲೆ, ಪೇಟ ಸುತ್ತಿದ ದ್ವಾರಪಾಲಕ. ಇಲ್ಲಿ ಗಾಢ ಬಣ್ಣ, ನೇರ ಗೆರೆ, ಕೆಳಗೆ ಬಾರ್. ಜಾಹೀರಾತಿನವರು, ಫ್ಯಾಷನ್‌ನವರು ಸಂಜೆ ಅಲ್ಲಿಗೇ ಬರುತ್ತಿದ್ದರು. ಆ ಸರಪಳಿ ಹೋಟೆಲುಗಳನ್ನು ನಡೆಸಿ ಬೆಳೆಸಿದ ಪ್ರಿಯಾ ಪಾಲ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಆಕೆಯ ಧೈರ್ಯವನ್ನು ನಾನು ಬಹಳ ಮೆಚ್ಚುತ್ತೇನೆ.

ಗಾಂಧಿಬಜಾರ್ ಹಳಬ
ಮಗಳೇ, ನಮ್ಮ ಭಾಷೆಯಲ್ಲಿ ಹೋಟೆಲ್ ಅಂದರೆ ತಿಂಡಿ ತಿನ್ನುವ ಜಾಗ, ಮಲಗುವುದಕ್ಕೆ ಲಾಡ್ಜ್. ಈ ವ್ಯತ್ಯಾಸ ನಿನ್ನ ಕೆಲಸಕ್ಕೆ ಬರುತ್ತದೆ, ಕೇಳು. ನಮ್ಮೂರ ಕವಿಗಳು, ನಾಟಕದವರು, ಪತ್ರಿಕೆಯವರು ಯಾವತ್ತಾದರೂ ಲಾಡ್ಜ್‌ನಲ್ಲಿ ಸೇರಿದ್ದರಾ? ಇಲ್ಲ. ಸೇರಿದ್ದು ಹೋಟೆಲಿನಲ್ಲಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ಗೋಡೆ ನೋಡು, ಕನ್ನಡ ಸಾಹಿತಿಗಳ ರೇಖಾಚಿತ್ರ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಒಂದು ಟೇಬಲ್ ಹಿಡಿದು ಮೂರು ಗಂಟೆ ಜಗಳ ಆಡಿದವರು ಎಷ್ಟು ಜನ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಹಳೇ ಗಿರಾಕಿಗಳೆಲ್ಲ ಹಿಂದೆಯೇ ಹೋದರು. ಅಲ್ಲಿ ಕಾಫಿ ತಂದುಕೊಡುತ್ತಿದ್ದವರಿಗೆ ಆ ಗಿರಾಕಿಗಳ ಮುಖ ಗೊತ್ತಿತ್ತು, ಅದಕ್ಕೆ.

ಆದ್ದರಿಂದ ಮೊದಲು ಹೋಟೆಲ್ ಮಾಡು, ಲಾಡ್ಜ್ ತಾನಾಗಿ ಆಗುತ್ತದೆ. ಒಳ್ಳೆ ಫಿಲ್ಟರ್ ಕಾಫಿ, ಬೆಳಗ್ಗೆ ಎರಡೇ ತಿಂಡಿ. ಬೀದಿಯಿಂದ ನೇರ ಒಳಗೆ ಬರುವ ಹಾಗೆ ಬಾಗಿಲಿರಲಿ. ಗೇಟಿನಲ್ಲಿ ಸೆಕ್ಯುರಿಟಿಯವನು ಯಾರನ್ನು ನೋಡಬೇಕು ಅಂತ ಕೇಳಿದರೆ ನಾಟಕದ ಹುಡುಗ ಅಲ್ಲಿಂದಲೇ ವಾಪಸ್ ಹೋಗುತ್ತಾನೆ.

ಬಣ್ಣದ ಬುಟ್ಟಿ
ಈ ಕೊನೆಯ ಸಾಲನ್ನು ಯಾರಾದರೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ನಾನು ಚಿತ್ರ ಬರೆಯುವವಳು. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಹೊಸ ಹೋಟೆಲಿನವರು ಕರೆದರು, ಕಲಾವಿದರಿಗಾಗಿಯೇ ಕಟ್ಟಿದ ಜಾಗ ಅಂದರು. ಮೆಟ್ಟಿಲಿನ ಗೋಡೆ, ಇಪ್ಪತ್ತೆರಡು ಅಡಿ ಎತ್ತರ. ಹನ್ನೊಂದು ದಿನ ಸಾರುವೆ ಮೇಲೆ ನಿಂತು ಬರೆದೆ. ಸಂಭಾವನೆ ಕೇಳಿದಾಗ ಎರಡು ರಾತ್ರಿ ಉಚಿತ ವಾಸ್ತವ್ಯ ಮತ್ತು ನಿಮಗೆ ಪ್ರಚಾರ ಅಂದರು. ಬಣ್ಣದ ಖರ್ಚು ಕೂಡ ಪೂರ್ತಿ ಬರಲಿಲ್ಲ. ಆರು ತಿಂಗಳಾದ ಮೇಲೆ ಗೆಳತಿಗೆ ತೋರಿಸೋಣ ಅಂತ ಹೋದರೆ ಒಳಗೆ ಬಿಡಲಿಲ್ಲ, ಆವತ್ತು ಯಾವುದೋ ಕಂಪನಿಯ ಪಾರ್ಟಿ ಇತ್ತು. ಗಾಜಿನ ಆಚೆಯಿಂದ ನನ್ನ ಚಿತ್ರದ ಕೆಳಗಿನ ಮೂರು ಅಡಿ ಕಾಣಿಸಿತು. ನಾನು ಬರೆದ ಬಾಳೆಗಿಡದ ಮುಂದೆ ಜನ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಹಾಕಿದ್ದ ನನ್ನ ಸಹಿ ಒಂದು ಕುಂಡದ ಹಿಂದೆ ಮರೆಯಾಗಿತ್ತು.

ಬೆಳಕಿನಾಕೆಯವರೇ, ಕಲಾವಿದರು ಬರಬೇಕು ಅಂದರೆ ಮೊದಲು ಅವರಿಗೆ ದುಡ್ಡು ಕೊಡಿ. ಕಡಿಮೆ ಇದ್ದರೆ ಕಡಿಮೆ ಅಂತ ಮೊದಲೇ ಹೇಳಿ.

ಕ್ವೀನ್ಸ್ ಕನ್ನಡಿಗ
ಓದಿ ಹೊಟ್ಟೆ ಉರಿಯಿತು. ಇಲ್ಲಿ 23ನೇ ಬೀದಿಯಲ್ಲಿ ಚೆಲ್ಸಿ ಹೋಟೆಲ್ ಇದೆ, 1884ರ ಹೊತ್ತಿನ ಕೆಂಪು ಇಟ್ಟಿಗೆಯ ಕಟ್ಟಡ. ಅದನ್ನು ದಶಕಗಳ ಕಾಲ ನೋಡಿಕೊಂಡ ಸ್ಟ್ಯಾನ್ಲಿ ಬಾರ್ಡ್, ಬಾಡಿಗೆ ಕಟ್ಟಲಾಗದ ಕಲಾವಿದರಿಂದ ಚಿತ್ರ ತೆಗೆದುಕೊಂಡು ಮೆಟ್ಟಿಲ ಉದ್ದಕ್ಕೂ ತೂಗುಹಾಕುತ್ತಿದ್ದರು. ಅಲ್ಲಿ ಚಿತ್ರಕ್ಕೆ ಬದಲು ತಲೆಯ ಮೇಲೊಂದು ಸೂರು ಸಿಗುತ್ತಿತ್ತು, ಅದೂ ತಿಂಗಳುಗಟ್ಟಲೆ. ಎರಡು ರಾತ್ರಿಯ ಮಾತಲ್ಲ. 2011ರಲ್ಲಿ ಆ ಹೋಟೆಲ್ ಕೈಬದಲಾಗಿ ಮುಚ್ಚಿತು, ಚಿತ್ರಗಳನ್ನೂ ಇಳಿಸಿದರು. ಮತ್ತೆ ತೆರೆದದ್ದು 2022ರಲ್ಲಿ. ಈಗ ಚಂದವಾಗಿದೆ, ಆದರೆ ಹಳೆಯ ಚೆಲ್ಸಿಯಲ್ಲಿದ್ದಂಥ ಬರಹಗಾರನ ಕೈಗೆಟುಕುವ ಬಾಡಿಗೆ ಅಲ್ಲ.

ಧಾರವಾಡದಾಕಿ
ಅಲ್ರೀ ಅಕ್ಕಾರ, ಅಮೆರಿಕಾದಾಗ ಮಿಲಿಟರಿ ಕಂಬಳಿ ಹಾಸಿದ್ರ ಅಂತ ಓದಿ ನನಗ ನಮ್ಮ ಅವ್ವನ ಕೌದಿ ನೆನಪಾತ್ರಿ. ನಿಮ್ಮ ಒಂಬತ್ತು ರೂಮಿಗೆ ಕೌದಿ ಹೊಲಿಸ್ರಿ. ನಾ ಹೆಣ್ಣುಮಕ್ಕಳ ಗುಂಪಿನ ಜೋಡಿ ಕೆಲಸ ಮಾಡ್ತೀನಿ. ಹಳೇ ಇಳಕಲ್ ಸೀರಿ, ಧೋತರ, ಅಂಗಿ ಎಲ್ಲಾ ಕತ್ತರಿಸಿ ಪದರಾ ಪದರಾ ಇಟ್ಟು, ಅಂಚಿನಿಂದ ಒಳಗ ಸುತ್ತಕೋತ ಟಾಕಿ ಹಾಕ್ತಾರ. ಕಡೀಕ ನಡಕ ಬಂದು ಮುಗೀತದ. ದೊಡ್ಡ ಕೌದಿ ಒಂದಕ್ಕ ಇಬ್ಬರು ಕುಂತ್ರ ಹತ್ತಿರ ಹತ್ತಿರ ತಿಂಗಳಾ ಹಿಡೀತದ. ಟಾಕಿ ನೋಡಿ ಇದು ಯಾರು ಹೊಲದದ್ದು ಅಂತ ಹೇಳಬಹುದು, ಕೈಬರಹ ಇದ್ದಂಗ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿ ಮತ್ತ ಬ್ಯಾರೇನ ಚಂದ, ಬಣ್ಣ ಎದ್ದು ಕುಣೀತಾವ.

ಒಂದು ಮಾತು. ನಿಮ್ಮ ಅಜ್ಜೀದು ಹಳೇ ಸೀರಿ ಇದ್ರ ಕಳಸ್ರಿ. ಅವರ ಮನ್ಯಾಗ ಅವರ ಸೀರಿನ ಹಾಸ್ಕೊಂಡು ಮಲಗೂದು ಛಲೋ ಅಲ್ಲೇನ್ರಿ? ಆದ್ರ ಬಿಳೇ ಚಾದರಾ ಒಗದಂಗ ಮಷಿನ್‌ನಾಗ ಒಗೀಬ್ಯಾಡ್ರಿ.

ಬೆಳಕಿನಾಕೆ
ಧಾರವಾಡದ ಅಕ್ಕ, ಅಜ್ಜಿಯ ಟ್ರಂಕು ಇನ್ನೂ ತೆರೆದಿಲ್ಲ. ನಿಮ್ಮ ಮಾತು ಓದಿ ಕಣ್ಣು ತುಂಬಿತು. ಖಂಡಿತ ಕಳಿಸುತ್ತೇನೆ.

ಬಣ್ಣದ ಬುಟ್ಟಿಯವರೇ, ನಿಮಗಾದದ್ದು ನಮ್ಮ ಮನೆಯಲ್ಲಿ ಯಾರಿಗೂ ಆಗಬಾರದು. ಗೋಡೆಗೆ ಅಂತ ಬೇರೆ ದುಡ್ಡು ಎತ್ತಿಡುತ್ತೇನೆ, ಗೋಡೆ ಮಾತ್ರ ಒಂದೇ ಇರಲಿ.

ಸುಣ್ಣ ಗಾರೆ
ನಾನು ಹಳೇ ಮನೆಗಳ ರಿಪೇರಿ ಮಾಡಿಸುವ ಆರ್ಕಿಟೆಕ್ಟ್. ಎಲ್ಲರೂ ಒಳಗಿನ ಅಂದದ ಬಗ್ಗೆ ಹೇಳುತ್ತಿದ್ದೀರಿ, ನಾನು ನೀರಿನ ಬಗ್ಗೆ ಹೇಳುತ್ತೇನೆ. ಇಂಥ ಮನೆ ಕೆಡುವುದು ಅಟ್ಯಾಚ್ಡ್ ಬಾತ್‌ರೂಮಿನಿಂದ. ಮದ್ರಾಸ್ ತಾರಸಿ ಅಂದರೆ ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಸುಣ್ಣದ ಗಾರೆ. ಮಹಡಿಯಲ್ಲಿ ರೂಮಿಗೊಂದು ಬಚ್ಚಲು ಅಂತ ಆ ತಾರಸಿ ಮೇಲೆ ಕಾಂಕ್ರೀಟ್ ಸುರಿದು ಟೈಲ್ಸ್ ಹಾಕಿದರೆ ಭಾರ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ. ತೊಲೆ ಒಳಗೊಳಗೇ ಕೊಳೆಯುತ್ತದೆ. ಮೇಲೆ ಸುಣ್ಣ ಬಳಿದಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಸಲಹೆ: ಬಚ್ಚಲುಗಳನ್ನೆಲ್ಲ ಹಿತ್ತಿಲ ಕಡೆ ಹೊಸ ಗೋಡೆ ಕಟ್ಟಿ ಪ್ರತ್ಯೇಕ ಮಾಡಿ, ಮಾವಿನ ಬೇರು ಬಿಟ್ಟು. ಮಹಡಿಯ ನಾಲ್ಕು ರೂಮಿಗೆ ಎರಡು ಬಚ್ಚಲು ಸಾಕು. ಆ ರೂಮುಗಳನ್ನು ಕಡಿಮೆ ಬಾಡಿಗೆಗೆ ಕೊಡಿ. ಸಿಯಾಟಲ್‌ನವರು ಮಾಡಿದ್ದೂ ಅದೇ ಅಂತ ಮೇಲೆ ಬರೆದಿದ್ದಾರಲ್ಲ.

ನೆಲದ ವಿಷಯ: ಆ ಕೆಂಪು ನೆಲಕ್ಕೆ ಆ್ಯಸಿಡ್ ಮುಟ್ಟಿಸಬೇಡಿ. ಬಿರುಕಿದ್ದರೆ ಬಿರುಕಿರಲಿ. ಹೊಸ ಆಕ್ಸೈಡಿನ ತೇಪೆ ಹಳೇ ಬಣ್ಣಕ್ಕೆ ಎಂದೂ ಕೂಡುವುದಿಲ್ಲ. ತೊಟ್ಟು ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಒರೆಸಿದರೆ ಮುಖ ಕಾಣುವ ಹಾಗೆ ಹೊಳೆಯುತ್ತದೆ. ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡವೇ ಬೇಡ. ಗೋಡೆಗೆ ಉಸಿರು ಕಟ್ಟಿ ತೇವ ಒಳಗೇ ನಿಲ್ಲುತ್ತದೆ.

ಜಯಲಕ್ಷ್ಮೀಪುರಂ
ನಿಮ್ಮ ಮನೆಯಿಂದ ದೂರ ಏನಿಲ್ಲ, ವಿನೋಬಾ ರಸ್ತೆಯ ಗ್ರೀನ್ ಹೋಟೆಲ್ ಒಮ್ಮೆ ನೋಡಿ ಬನ್ನಿ. ಚಿತ್ತರಂಜನ್ ಪ್ಯಾಲೆಸ್ ಅದು, ರಾಜಮನೆತನದ ಹೆಣ್ಣುಮಕ್ಕಳಿಗೆ ಕಟ್ಟಿಸಿದ್ದು. ಆಮೇಲೆ ಪ್ರೀಮಿಯರ್ ಸ್ಟುಡಿಯೋ ಕೈಗೆ ಹೋಗಿ ಸಿನಿಮಾದವರು ಓಡಾಡಿದ ಜಾಗ ಆಯಿತು. ಹೋಟೆಲಿನ ಲಾಭ ಸೇವಾಕಾರ್ಯಗಳಿಗೆ ಹೋಗುವ ಹಾಗೆ ನಡೆಸಿದರು. ರೂಮುಗಳಲ್ಲಿ ಟಿವಿ ಇಟ್ಟಿರಲಿಲ್ಲ. ನಾನು ಅಲ್ಲಿಯ ತೋಟದಲ್ಲಿ ಕೂತು ಒಂದು ಇಡೀ ಅನುವಾದ ಮುಗಿಸಿದ್ದೇನೆ. ಬರೆಯುವವರಿಗೆ ಬೇಕಾದ್ದು ನೆರಳು, ಕಾಫಿ, ಮಾತಾಡಿಸದ ಜನ. ಇಷ್ಟೇ.

ಪಕ್ಕದ ಮನೆಯವಳು
ಯಾರೂ ಹೇಳದ ಒಂದು ಮಾತು ಹೇಳಬೇಕು. ನಮ್ಮ ಬೀದಿಯಲ್ಲಿ ಇಂಥದ್ದೇ ಒಂದು ಚಂದದ ಜಾಗ ಬಂತು. ಮೊದಲ ವರ್ಷ ನನಗೂ ಇಷ್ಟ. ಎರಡನೇ ವರ್ಷ ಪಕ್ಕದ ದಿನಸಿ ಅಂಗಡಿಯ ಬಾಡಿಗೆ ಏರಿಸಿದರು, ಅವರು ಖಾಲಿ ಮಾಡಿದರು. ಇಸ್ತ್ರಿ ಗಾಡಿ ಕಾರ್ ಪಾರ್ಕಿಂಗ್‌ಗೆ ಅಡ್ಡ ಅಂತ ಎಬ್ಬಿಸಿದರು. ಮೂವತ್ತು ವರ್ಷ ನಮ್ಮ ಮನೆಯ ಬಟ್ಟೆಗೆ ಇಸ್ತ್ರಿ ಹಾಕಿದವರು ಅವರು. ರಾತ್ರಿ ಹನ್ನೊಂದಕ್ಕೆ ಅತ್ತೆ ಮಲಗಲು ಆಗದೆ ಎದ್ದು ಕೂರುತ್ತಾರೆ. ಕಲಾವಿದರು ಬರಲಿ, ಸಂತೋಷ. ಆದರೆ ಆ ಮನೆಯಲ್ಲಿ, ಆ ಬೀದಿಯಲ್ಲಿ ಈಗಾಗಲೇ ಯಾರಿದ್ದಾರೆ ಅಂತ ಮೊದಲು ಕೇಳಿ.

ಕ್ವೀನ್ಸ್ ಕನ್ನಡಿಗ
ಅಕ್ಕ ಹೇಳಿದ್ದು ನಿಜ. ನಾನು ಮೊದಲ ಪೋಸ್ಟ್‌ನಲ್ಲೇ ಇದನ್ನು ಬರೆಯಬೇಕಿತ್ತು. 29ನೇ ಬೀದಿಯ ಆ ಕಟ್ಟಡದ ಹಳೇ ಹೆಸರು ಬ್ರೆಸ್ಲಿನ್. 1904ರಲ್ಲಿ ಕಟ್ಟಿದ್ದು, ಏಸ್ ಬರುವ ಹೊತ್ತಿಗೆ ಕಡಿಮೆ ಬಾಡಿಗೆಗೆ ವರ್ಷಾನುಗಟ್ಟಲೆ ಜನ ವಾಸ ಇದ್ದ ಜಾಗ. ಅವರಲ್ಲಿ ಕಲಾವಿದರೂ ಇದ್ದರು, ವಯಸ್ಸಾದವರೂ ಇದ್ದರು. ಹೋಟೆಲ್ ಮಾಡಲು ಹೊರಟಾಗ ಬಾಡಿಗೆದಾರರು ಸಂಘ ಕಟ್ಟಿ ಹೋರಾಡಿದರು. ಎಷ್ಟೋ ಜನ ದುಡ್ಡು ತಗೊಂಡು ಹೋದರು. ಬಾಡಿಗೆ ನಿಯಂತ್ರಣದ ಕಾಯ್ದೆ ಇದ್ದ ಕಾರಣ ಕೆಲವರು ಹೋಟೆಲ್ ತೆರೆದ ಮೇಲೂ ತಮ್ಮ ಮನೆಗಳಲ್ಲೇ ಉಳಿದರು. ನನಗೆ ಕೆಲಸ ಕೊಡಿಸಿದ ಮೇಜಿನ ಮೇಲಂತಸ್ತುಗಳಲ್ಲಿ ಆ ಜಗಳ ನಡೆದಿತ್ತು ಅಂತ ತಿಳಿದದ್ದು ಬಹಳ ತಡವಾಗಿ. ಆ ಮೇಜಿನ ಮೇಲಿನ ಪ್ರೀತಿ ಹೋಗಲಿಲ್ಲ, ಆದರೆ ಆಮೇಲೆ ಅಲ್ಲಿ ಕೂತಾಗ ಮೊದಲಿನಷ್ಟು ಹಗುರ ಅನ್ನಿಸಲಿಲ್ಲ.

ದೊಡ್ಡದಾದ ಮೇಲೆ ಏಸ್‌ಗೂ ಎಲ್ಲ ಕಡೆ ನಿಲ್ಲಲು ಆಗಲಿಲ್ಲ. ಕಾಲ್ಡರ್‌ವುಡ್ 2013ರಲ್ಲಿ 47ನೇ ವಯಸ್ಸಿಗೇ ತೀರಿಕೊಂಡರು. ಆ ವರ್ಷವೇ ಲಂಡನ್ನಿನ ಶೋರ್ಡಿಚ್‌ನಲ್ಲಿ ಶುರುವಾದ ಶಾಖೆ 2020ರಲ್ಲಿ ಮುಚ್ಚಿತು. ಲಾಸ್ ಏಂಜಲೀಸ್‌ನಲ್ಲಿ 1927ರ ಹಳೇ ಸಿನಿಮಾ ಥಿಯೇಟರ್ ಇದ್ದ ಕಟ್ಟಡದಲ್ಲಿ ಹತ್ತು ವರ್ಷ ನಡೆಸಿ ಬಿಟ್ಟುಕೊಟ್ಟರು. ಜಪಾನಿನ ಕ್ಯೋಟೋದ್ದು ಚೆನ್ನಾಗಿದೆ ಅಂತಾರೆ. 1926ರ ಟೆಲಿಫೋನ್ ಕಚೇರಿಯನ್ನು ಉಳಿಸಿಕೊಂಡು ವಾಸ್ತುಶಿಲ್ಪಿ ಕೆಂಗೊ ಕುಮಾ ಪಕ್ಕಕ್ಕೆ ಹೊಸದು ಕಟ್ಟಿದ್ದಾರೆ. ಅಲ್ಲಿನ ಅಕ್ಷರಗಳನ್ನು ಯುನೋಕಿ ಸಮಿರೋ ಎಂಬ ಬಟ್ಟೆಗೆ ಬಣ್ಣ ಅಚ್ಚು ಹಾಕುವ ಕಲಾವಿದರಿಂದ ಬರೆಸಿದರು, ಆಗ ಅವರಿಗೆ ತೊಂಬತ್ತು ದಾಟಿತ್ತು. ಆ ಊರಿನ ಹೋಟೆಲಿಗೆ ಆ ದೇಶದ ಕೈಬರಹ. ನನ್ನಂಥ ಅಕ್ಷರ ಬರೆಯುವವನಿಗೆ ಅದು ದೊಡ್ಡ ಮಾತು. ನಿಮ್ಮ ಹೋಟೆಲಿನ ಬೋರ್ಡು ಕನ್ನಡದಲ್ಲಿ ನಾನು ಬರೆದುಕೊಡುತ್ತೇನೆ. ಇದಕ್ಕೆ ದುಡ್ಡು ಬೇಡ, ಆ ಮೇಜಿಗೆ ನಾನಿನ್ನೂ ಬಾಕಿ ಇದ್ದೇನೆ.

ಬೆಳಕಿನಾಕೆ
ಪಕ್ಕದ ಮನೆಯ ಅಕ್ಕ, ನಿಮ್ಮ ಪ್ರಶ್ನೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನಮ್ಮ ಔಟ್‌ಹೌಸ್‌ನಲ್ಲಿ ಒಬ್ಬರಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಟೈಲರಿಂಗ್ ಮಾಡುವ ಅಣ್ಣ, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ನಾನು ಬರೆದ ನಕ್ಷೆಯಲ್ಲಿ ಆ ಜಾಗಕ್ಕೆ 'ಸ್ಟುಡಿಯೋ ರೂಮು' ಅಂತ ಬರೆದಿದ್ದೆ. ಅವರನ್ನು ಕೇಳಿಯೇ ಇರಲಿಲ್ಲ.

ಶನಿವಾರ ಮೈಸೂರಿಗೆ ಹೋಗಿ ಅವರ ಮನೆಯಲ್ಲಿ ಕೂತು ಎಲ್ಲ ಹೇಳಿದೆ. ಮೊದಲು ಅಣ್ಣ ಏನೂ ಮಾತಾಡಲಿಲ್ಲ, ಮಷಿನ್‌ನ ಬಾಬಿನ್ ತೆಗೆದು ಹಾಕಿ ಮಾಡುತ್ತಾ ಕೂತರು. ಆಮೇಲೆ, ಒಂಬತ್ತು ರೂಮಿಗೆ ಪರದೆ ಎಷ್ಟು ಮೀಟರ್ ಬೇಕು ಅಂತ ಕೇಳಿದರು. ಅವರು ಅಲ್ಲೇ ಇರುತ್ತಾರೆ, ರೂಮು ಎಂಟೇ.

ನಡುಮನೆ ಅಳೆದೆ: 24 ಅಡಿ, 16 ಅಡಿ. ಗೋಡೌನಿನಲ್ಲಿ ತಾತನ ಕಾಲದ ತೇಗದ ಬಾಗಿಲು ಎರಡಿವೆ. ಜೋಡಿಸಿದರೆ ಹದಿಮೂರು ಅಡಿ ಮೇಜು ಆಗುತ್ತದೆ. ಕೆಂಪು ನೆಲ ಒಡೆಯದೆ ಮೇಜಿನ ಬಳಿಗೆ ಕರೆಂಟು ತರುವುದು ಹೇಗೆ? ಮೇಲಿನ ತೊಲೆಯಿಂದ ಇಳಿಸಲಾ?

ಸುಣ್ಣ ಗಾರೆ
ತೊಲೆಗೆ ಮೊಳೆ ಹೊಡೆಯಬೇಡಿ, ಪಟ್ಟಿ ಹಾಕಿ ಬಿಗಿಯಬಹುದು. ಹತ್ತಿ ಸುತ್ತಿದ ಹಳೇ ಥರದ ವೈರ್ ಈಗಲೂ ಸಿಗುತ್ತದೆ, ಒಳಗೆ ಹೊಸ ತಾಮ್ರ, ಐಎಸ್‌ಐ ಗುರುತು ನೋಡಿ ತಗೊಳ್ಳಿ. ಬಾಗಿಲಿನ ಹಲಗೆ ಉಬ್ಬು ತಗ್ಗು ಇರುತ್ತದೆ, ರಂಧಾ ಹೊಡೆಸಿ ತೆಳ್ಳಗೆ ಮಾಡಬೇಡಿ, ಮೇಲೆ ಗಾಜು ಹಾಕಿ.

ಫ್ರಂಟ್ ಆಫೀಸ್ ರಾಯರು
ಎಂಟು ರೂಮಿಗೆ ಲೆಕ್ಕ ಮತ್ತೆ ಹಾಕಿದೆ. 240 ರಾತ್ರಿ, ನೂರಕ್ಕೆ 60 ಅಂದರೆ 144. ಮೂರು ಸಾವಿರಕ್ಕೆ 4,32,000. ಬಚ್ಚಲಿಲ್ಲದ ನಾಲ್ಕು ರೂಮಿನ ಬಾಡಿಗೆ ಇಳಿಸಿದರೆ ಇನ್ನೂ ಕಡಿಮೆ. ಬಿಗಿಯಾಗುತ್ತದೆ ತಾಯಿ, ಸುಳ್ಳು ಹೇಳುವುದಿಲ್ಲ. ತಿಂಡಿ ಕಾಫಿಯಿಂದ ತಿಂಗಳಿಗೆ ಒಂದೂವರೆ ಲಕ್ಷವಾದರೂ ಬಂದರೆ ನಡೆಯುತ್ತದೆ. ಮುಂದಿನ ಭಾನುವಾರ ನನಗೆ ರಜೆ. ಬೆಳಗಿನ ಟ್ರೇನಿಗೆ ಬರುತ್ತೇನೆ, ಅಡುಗೆಮನೆ ಎಲ್ಲಿ ಬರಬೇಕು ಅಂತ ನೋಡೋಣ. ದೊಡ್ಡಪ್ಪನ ಮಕ್ಕಳನ್ನೂ ಕರೆಯಿರಿ.